ಮಗ್ಗ ಕೊಟ್ಟು ತಂದ ಟೀವಿ

ನಮ್ಮ ಮನೆಗೆ ಬಂದ ಮೊದಲ ಟೀವಿಗೆ ನಾವು ಕೊಟ್ಟದ್ದು ಒಂದು ಮಗ್ಗ. ರೊಕ್ಕವಲ್ಲ, ಮಗ್ಗವೇ. ಅಜ್ಜ ನೇಯುತ್ತಿದ್ದ ಕುಣಿಮಗ್ಗವನ್ನು ಹಣಿಗೆ, ಲಾಳಿ ಸಮೇತ ಬಿಚ್ಚಿ, ಟೆಂಪೋದಲ್ಲಿ ಹೇರಿ, ಬೆಟಗೇರಿಯಿಂದ ಶಿಗ್ಲಿಯ ನೇಕಾರರೊಬ್ಬರ ಮನೆಗೆ ಕಳಿಸಿದೆವು. ಅದೇ ಟೆಂಪೋ ಸಂಜೆ ಕೌದಿಯಲ್ಲಿ ಸುತ್ತಿದ ಟೀವಿಯನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿತು. ಅವರ ಮನೆಗೆ ಬಣ್ಣದ ಟೀವಿ ಬಂದು ಕಪ್ಪು-ಬಿಳುಪಿನದು ಮೂಲೆಗೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಅಜ್ಜ ತೀರಿಕೊಂಡು ಅವನ ಮಗ್ಗ ಸುಮ್ಮನೆ ನಿಂತಿತ್ತು. ಸುಮ್ಮನಿದ್ದದ್ದನ್ನು ಕೊಟ್ಟು ಸುಮ್ಮನಿದ್ದದ್ದನ್ನು ತಂದೆವು, ಇದರಲ್ಲಿ ಯಾರಿಗೂ ಲುಕ್ಸಾನಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಾನು ಇವತ್ತಿಗೂ ಒಪ್ಪುವುದಿಲ್ಲ. ಮಗ್ಗ ಎಷ್ಟು ಹಳೆಯದಾದರೂ ಸೀರೆ ಕೊಡುತ್ತದೆ. ಆ ಟೀವಿಯ ಗುಂಡಿ ತಿರುವುವುದಕ್ಕೆ ಇಕ್ಕಳ ಬೇಕಾಗುತ್ತಿತ್ತು. ವ್ಯವಹಾರ ಕುದುರಿಸಲು ನನ್ನನ್ನು ಕಳಿಸಿದ್ದರೆ ಟೀವಿಯ ಸಂಗಡ ಅದನ್ನಿಡುವ ಟೇಬಲ್ಲನ್ನೂ ಅಂಟೆನಾದ ಕಂಬವನ್ನೂ ಹಾಕಿಸಿಕೊಂಡು ಬರುತ್ತಿದ್ದೆ. ಆದರೆ ಆಗಿನ್ನೂ ನಾನು ಕನ್ನಡ ಶಾಲೆಯ ಹುಡುಗಿ. ನನ್ನನ್ನು ಕೇಳುವವರು ಯಾರಿದ್ದರು?

ಅಪ್ಪ ಮಗ್ಗ ಕೊಟ್ಟದ್ದಕ್ಕೆ ಕಾರಣ ಅವನ ತಮ್ಮ, ನಮ್ಮ ಶಂಕ್ರ ಕಾಕಾ. ಟೀವಿಯಲ್ಲಿ ಸಿನಿಮಾ ಬರುವ ಸಂಜೆ ಕಾಕಾ ಲಾಳಿ ಕೆಳಗಿಟ್ಟು, ಯಾರಿಗೂ ಹೇಳದೆ, ಓಣಿಯ ತುದಿಯ ಮನೆಯ ಕಿಟಕಿಗೆ ಹೋಗಿ ನಿಲ್ಲುತ್ತಿದ್ದ. ಒಳಗೆ ಬಾ ಎಂದು ಅವರು ಕರೆಯುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಒಂದು ಸಲ ಪೇಟೆಯಿಂದ ಬರುತ್ತಿದ್ದ ಅಪ್ಪ ಅದನ್ನು ನೋಡಿದ. ಅವತ್ತು ಊಟಕ್ಕೆ ಕೂತಾಗ ರೊಟ್ಟಿ ಮುರಿದವನು ಬಾಯಿಗಿಡಲೇ ಇಲ್ಲ.

"ನಮ್ಮ ಮನಿ ಗಂಡಸು ಮಂದಿ ಕಿಡಕಿ ಹಿಡಕೊಂಡು ನಿಂದ್ರೂದು ನನಗ ಬ್ಯಾಡ," ಎಂದ ಅವ್ವನಿಗೆ. "ಆ ಡಬ್ಬಿ ನಮ್ಮಲ್ಲೇ ಬರ್ಲಿ."

"ಡಬ್ಬಿ ಬಂದ್ರ ನೀಲಾನ ಕಥಿ ಯಾರು ಕೇಳ್ತಾರ್ರಿ?" ಎಂದಳು ಅವ್ವ.

"ಅದೂ ಇರ್ಲಿ, ಇದೂ ಇರ್ಲಿ. ಮನಿ ಏನ್ ಸಣ್ಣದೈತೇನು?"

ನೀಲಾ ಎಂದರೆ ನಾನು. ಅದೂ ಇರಲಿ ಇದೂ ಇರಲಿ ಎನ್ನುವ ಗಿರಾಕಿಯನ್ನು ನಾನು ಈಗ ನನ್ನ ಸೀರೆ ಅಂಗಡಿಯಲ್ಲಿ ನಂಬುವುದಿಲ್ಲ. ಎರಡು ಸೀರೆಗಳನ್ನು ತೊಡೆಯ ಮೇಲೆ ಹಾಕಿಕೊಂಡವಳು ಏಳುವಾಗ ಒಂದನ್ನೇ ಒಯ್ಯುತ್ತಾಳೆ. ಉಳಿದದ್ದು ಮಡಿಕೆ ಕೆಟ್ಟು ಅಲ್ಲೇ ಬಿದ್ದಿರುತ್ತದೆ.

ನಮ್ಮ ಮನೆಯೆಂದರೆ ನಿಜಕ್ಕೂ ಒಂದು ಪಡಸಾಲೆ. ಹಿಂದೆ ಒಲೆಯ ಕೋಣೆ, ಅದರಾಚೆ ಬಚ್ಚಲು, ಅಷ್ಟೇ. ಪಡಸಾಲೆಯಲ್ಲಿ ಸಾಲಾಗಿ ಮೂರು ಕುಣಿ. ನೇಯುವವರು ಅಂಚಿನಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಿದ್ದರು, ಹೀಗಾಗಿ ನಿಂತ ನನಗೂ ಕೂತ ಅಪ್ಪನಿಗೂ ಮುಖ ಸರಿಸಮ ಬರುತ್ತಿತ್ತು. ಮೊದಲನೆಯದು ಅಪ್ಪನದು, ಬೆಳಕಿನ ಹತ್ತಿರ. ನಡುವೆ ಅಜ್ಜನದು. ಗೋಡೆಯ ಕಡೆಗೆ ಕಾಕಾನದು. ಮೂಲೆಯಲ್ಲಿ ಅವ್ವನ ರಾಟಿ; ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಗಳನ್ನು ಅವಳು ಅಲ್ಲಿ ಕೂತು ಸುತ್ತುತ್ತಿದ್ದಳು. ಗಂಜಿ ಹಚ್ಚಿದ ನೂಲಿನ ವಾಸನೆ, ಒಲೆಯ ಕಡೆಯಿಂದ ಶೇಂಗಾ ಹುರಿದ ವಾಸನೆ, ಎಳೆಗಳನ್ನು ಒತ್ತಿ ಕೂರಿಸುವ ಹಣಿಗೆಯ ದಿನವಿಡೀ ಬಡಿತ. ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಆ ಸದ್ದು ನಿಂತರೆ ಯಾರಿಗೋ ಏನೋ ಆಯಿತು ಎಂದು ಭಯ.

ಆ ಸದ್ದು ನಿಲ್ಲುತ್ತಿದ್ದದ್ದು ಅಮಾವಾಸ್ಯೆಗೆ. ಅವತ್ತು ಯಾವ ನೇಕಾರನೂ ಮಗ್ಗ ಮುಟ್ಟುತ್ತಿರಲಿಲ್ಲ. ಅವ್ವ ಮಗ್ಗಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೋಳಿಗೆ ಮಾಡುತ್ತಿದ್ದಳು. ಮಧ್ಯಾಹ್ನ ಓಣಿಯ ಹೆಂಗಸರು ಗದುಗಿನ ಟಾಕೀಸಿಗೆ ಹೊರಡುತ್ತಿದ್ದರು, ನಮ್ಮ ಮನೆಯಿಂದ ಒಂದೇ ತಿಕೀಟು: ನನ್ನದು. ಒಬ್ಬರು ನೋಡಿ ಬಂದರೆ ಉಳಿದವರು ಕೇಳಿದರಾಯಿತು ಎನ್ನುವುದು ಅಪ್ಪನ ವಿಚಾರ. ಮರುದಿನದಿಂದ ನನ್ನ ಕೆಲಸ ಶುರು. ಶಾಲೆಯಿಂದ ಬಂದು, ಕೈಕಾಲು ತೊಳೆದು, ಅಪ್ಪನ ಮಗ್ಗದ ಕಂಬಕ್ಕೆ ಒರಗಿ ನಿಂತು ಸಿನಿಮಾ ಹೇಳಬೇಕು. ಕಥೆ ಒಂದೇ ಅಲ್ಲ. ಹಾಡು, ಹೊಡೆದಾಟ, ಹಾಸ್ಯ, ನಾಯಕಿ ಉಟ್ಟ ಸೀರೆಯ ದಡಿ, ಅಂದರೆ ಅಂಚು, ಎಷ್ಟು ಅಗಲ ಎನ್ನುವುದನ್ನೂ. ಲಾಳಿ ಹಾಯುವ ಸದ್ದಿಗೂ ಹಣಿಗೆ ಬಡಿಯುವ ಸದ್ದಿಗೂ ನಡುವೆ ಸಣ್ಣ ಸಂದು ಸಿಗುತ್ತದೆ, ಮಾತನ್ನು ಅದರೊಳಗೆ ತೂರಿಸಬೇಕು. ಒಂದು ಸಿನಿಮಾವನ್ನು ಮುಂದಿನ ಅಮಾವಾಸ್ಯೆಯವರೆಗೆ ಎಳೆಯಲು ನನಗೆ ಬರುತ್ತಿತ್ತು. ವ್ಯಾಪಾರವನ್ನು ನಾನು ಕಲಿತದ್ದೂ ಅಲ್ಲಿಯೇ.

"ಖಳನಾಯಕನ ಮಂದಿ ಹೀರೋನ್ನ ಎತ್ತಿ ಬಾವಿಗೆ ಒಗದ್ರು," ಎಂದು ಹೇಳಿ ಸುಮ್ಮನಾಗುತ್ತಿದ್ದೆ.

"ಮುಂದ?" ಎನ್ನುತ್ತಿದ್ದ ಕಾಕಾ.

"ಮುಂದ ಬೆಲ್ಲ."

"ಏನ್ ಬೆಲ್ಲ?"

"ಬೆಲ್ಲ ಕೊಟ್ರ ಮ್ಯಾಲೆ ಬರ್ತಾನ."

"ಅಣ್ಣಾ, ನಿನ್ನ ಮಗಳು ಟಾಕೀಸಿನವರಕಿಂತ ಗಟ್ಟಿ ಅದಾಳ ನೋಡು! ಅವರರೆ ಒಮ್ಮೆ ತಿಕೀಟು ಹರದ್ರ ಪೂರಾ ತೋರಸ್ತಾರ."

ರಾಟಿಯ ಮೂಲೆಯಿಂದ ಅವ್ವ, "ಕೊಟ್ಟುಬಿಡೋ ಶಂಕ್ರಪ್ಪಾ. ಪಾಪ, ಅಂವಾ ನೀರಾಗ ಎಷ್ಟೊತ್ತು ಇದ್ದಾನು!" ಎನ್ನುತ್ತಿದ್ದಳು.

ಆಗ ಅಪ್ಪ ನಗುತ್ತಿದ್ದ. ಅಪ್ಪನ ನಗುವಿಗೆ ಸದ್ದಿರಲಿಲ್ಲ. ಮೊದಲು ಭುಜ ಅಲುಗುತ್ತಿತ್ತು, ಆಮೇಲೆ ಮೀಸೆ, ಕೊನೆಗೆ ಮೂಗಿನಿಂದ ಒಂದು ಸಣ್ಣ ಹುಂಕಾರ. ಮನೆಯಲ್ಲಿ ಅದನ್ನು ಬರಿಸಲು ಸಾಧ್ಯವಿದ್ದದ್ದು ನನಗೊಬ್ಬಳಿಗೇ. ಅವ್ವನಿಗೂ ಆಗುತ್ತಿರಲಿಲ್ಲ. ಬೆಲ್ಲ ನೆಪ, ನಾನು ದುಡಿಯುತ್ತಿದ್ದದ್ದು ಆ ಹುಂಕಾರಕ್ಕೆ.

ಅಂಥ ಮನೆಗೆ ಟೀವಿ ಬಂತು. ಅಜ್ಜನ ಕುಣಿಯ ಮೇಲೆ ಹಲಗೆ ಹಾಸಿ ಅದನ್ನು ಅಲ್ಲಿ ಕೂರಿಸಿದರು. ಅವ್ವ ಮಗ್ಗಕ್ಕೆ ಹಚ್ಚುವ ಹಾಗೆ ಅದರ ಹಣೆಗೂ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಕಾಕಾ ಮಾಳಿಗೆ ಏರಿ ಅಂಟೆನಾ ತಿರುವುತ್ತ "ಬಂತೇನು? ಬಂತೇನು?" ಎಂದು ಕೂಗುತ್ತಿದ್ದ. ಕೆಳಗೆ ನಿಂತ ನನಗೆ ಚಿತ್ರ ಸ್ವಚ್ಛ ಕಾಣುತ್ತಿತ್ತು, ಆದರೂ "ಇಲ್ಲ, ಇನ್ನೂ ಇಲ್ಲ" ಎನ್ನುತ್ತಿದ್ದೆ. ಅವ್ವ ತಲೆಗೊಂದು ಮೊಟಕಿ ತಾನೇ ಹೊರಗೆ ಹೋಗಿ "ಬಂತು, ಇಳಿಯಪ್ಪಾ" ಎಂದಳು.

ಮೊದಲ ವಾರವೇ ನನ್ನ ವೈರಿ ಯಾರೆಂಬುದು ಗೊತ್ತಾಯಿತು. ಒಬ್ಬ ಹಾಸ್ಯನಟ. ಸಣಕಲ ದೇಹ, ಉದ್ದ ಕತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ಅವನಿಗೆ ಇನ್ನಷ್ಟು ಹೆಸರು ಬರುತ್ತದೆ, ಅದು ನನ್ನ ಕೈಯಿಂದ ಆಗಬಾರದು. ಒಂದು ನಾಟಕದಲ್ಲಿ ಅವನು ಹೆಣ್ಣು ನೋಡಲು ಹೋಗುತ್ತಾನೆ, ಬಚ್ಚಲಲ್ಲಿ ಕಾಲು ತೊಳೆಯುವಾಗ ಕಾಲು ಬಕೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಏನೂ ಆಗಿಲ್ಲದವನಂತೆ ಬಕೀಟು ಸಮೇತ ನಡೆದು ಬಂದು ಹೆಣ್ಣಿನ ತಂದೆಯ ಎದುರು ಕೂತು ಮಳೆ-ಬೆಳೆಯ ಮಾತಾಡುತ್ತಾನೆ. ಅಷ್ಟೇ. ಅದರಲ್ಲೇನಿದೆ? ಆದರೆ ನೇಯುತ್ತಲೇ ನೋಡುತ್ತಿದ್ದ ಅಪ್ಪ ನಕ್ಕ. ಭುಜವಲ್ಲ, ಮೀಸೆಯಲ್ಲ. ಬಾಯಿ ತೆರೆದು, ಹಲ್ಲು ತೋರಿಸಿ, ಸದ್ದು ಮಾಡಿ ನಕ್ಕ. ನನ್ನ ಅಪ್ಪನಿಗೆ ಅಂಥ ನಗು ಇದೆ ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನನ್ನ ಹತ್ತಿರ ಚಿಲ್ಲರೆ ವ್ಯವಹಾರ ಮಾಡಿ, ಮೊದಲ ಸಲ ಬಂದ ಪರವೂರಿನವನಿಗೆ ಬಟ್ಟೆಯ ಪೂರಾ ಥಾನನ್ನೇ ಬಿಚ್ಚಿ ತೋರಿಸಿದ ಹಾಗಾಯಿತು.

ಆ ಅಮಾವಾಸ್ಯೆಗೂ ನನ್ನನ್ನು ಟಾಕೀಸಿಗೆ ಕಳಿಸಿದರು. ಹೊಟ್ಟೆ ತುಂಬ ಸಿನಿಮಾ ತುಂಬಿಕೊಂಡು ಬಂದೆ. ಮರುದಿನ ಕಂಬಕ್ಕೆ ಒರಗಿ ನಿಂತು ಶುರು ಮಾಡುವಷ್ಟರಲ್ಲಿ ಕಾಕಾ ಕೈ ಎತ್ತಿದ.

"ತಡಿ ನೀಲಾ, ಹಾಡು ಬರಾಕತ್ತಾವು. ಮುಗೀಲಿ, ಆಮ್ಯಾಲೆ ಹೇಳಂತಿ."

ಹಾಡು ಮುಗಿದ ಮೇಲೆ ವಾರ್ತೆ ಬಂತು. ವಾರ್ತೆ ಮುಗಿದ ಮೇಲೆ ರೈತರಿಗೆ ಗೊಬ್ಬರದ ಮಾಹಿತಿ ಬಂತು. ನಮ್ಮ ಮನೆಯಲ್ಲಿ ಒಂದು ಗೇಣು ಹೊಲವಿರಲಿಲ್ಲ, ಆದರೂ ಗೊಬ್ಬರವನ್ನೂ ನೋಡಿದರು. ನಾನು ಅವತ್ತು ಊಟಕ್ಕೆ ಟೀವಿಗೆ ಬೆನ್ನು ತಿರುವಿ ಕೂತೆ. ಯಾರೂ ಗಮನಿಸಲಿಲ್ಲ. ಬೆನ್ನು ತಿರುವಿದ್ದರಿಂದ ಚಟ್ನಿಯೂ ನನ್ನ ಕಡೆಗೆ ಬರಲಿಲ್ಲ.

ಬಕೀಟಿನ ನಾಟಕವಾದ ಕೆಲವು ದಿನಕ್ಕೆ ಅಪ್ಪನ ಮಗ್ಗದಿಂದ ಆ ಸೀರೆ ಇಳಿಯಿತು. ಸೆರಗು ಕೆಂಪು ಮತ್ತು ಬಿಳಿಯ ಪಟ್ಟಿಗಳದು. ಅದಕ್ಕೆ ಎರಡು ಲಾಳಿ, ಒಂದು ಬಣ್ಣ ಮುಗಿದ ಮೇಲೆ ಇನ್ನೊಂದನ್ನು ಎತ್ತಿಕೊಳ್ಳಬೇಕು. ಸೀರೆ ಮಡಿಸಿ ಘಳಿಗೆ ಹಾಕುತ್ತಿದ್ದ ಅವ್ವ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಇದೇನ್ರಿ? ಕೆಂಪಿನ ನಡುವ ಬಿಳೀ ಗೆರಿ ಬಂದೈತಲ್ಲ?"

ಅಪ್ಪ ಎದ್ದು ಬಂದ. ಎಲ್ಲಿಯೂ ಒಂದು ಎಳೆ ತಪ್ಪುವವನಲ್ಲ ಅವನು. ಸೆರಗನ್ನು ಬೆರಳಿನಿಂದ ಸವರಿದ, ಬಹಳ ಹೊತ್ತು ನೋಡಿದ. ಆಮೇಲೆ ಮೀಸೆ ಅಲುಗಿತು.

"ಬಕೀಟು," ಎಂದ.

"ಏನ್ ಬಕೀಟು?"

"ಅವನ ಕಾಲು ಬಕೀಟಿನ್ಯಾಗ ಹೊಕ್ಕಿತ್ತಲ್ಲ, ಅವಾಗ ಲಾಳಿ ಬದಲಿ ಎತ್ತೇನಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವ್ಕಾರ, ಅಂದರೆ ನಮಗೆ ನೂಲು ಕೊಟ್ಟು ಸೀರೆ ಒಯ್ಯುವ ವ್ಯಾಪಾರಿ, ಅದನ್ನು ಮುಟ್ಟಲಿಲ್ಲ. ಕೊನೆಗೆ ಅವ್ವನೇ ಅದನ್ನು ಉಟ್ಟಳು, ಕೇಳಿದವರಿಗೆಲ್ಲ ಗೆರೆ ತೋರಿಸಿ ಬಕೀಟಿನ ಕಥೆ ಹೇಳಿದಳು. ಹೀಗೆ ಆ ಸಣಕಲ ನಮ್ಮ ಪಡಸಾಲೆಗೆ ಬಂದದ್ದು ಸಾಲದೆಂದು ನನ್ನ ಅವ್ವನ ಸೆರಗಿನ ಮೇಲೂ ಬಂದು ಕೂತ. ರಾತ್ರಿ ಅವಳ ಮಗ್ಗುಲಲ್ಲಿ ಮಲಗಿದರೆ ನನ್ನ ಕೆನ್ನೆಗೆ ತಾಗುತ್ತಿದ್ದದ್ದು ಅವನ ಗೆರೆ.

ನನಗೂ ಒಂದು ಗೆರೆ ಬೇಕೆನಿಸಿತು. ನನ್ನ ಕಥೆಗಳಿಗೆ ಅಪ್ಪ ಒಂದು ಎಳೆಯೂ ತಪ್ಪಿರಲಿಲ್ಲ. ಅಂದರೆ ನಾನು ಹೇಳಿದ್ದೆಲ್ಲ ಅರ್ಧ ಕಿವಿಗೆ ಬಿದ್ದಿತ್ತೇ? ಅವನ ಕೈ ತಪ್ಪುವ ಹಾಗೆ, ಸಾವ್ಕಾರ ಸೀರೆ ವಾಪಸು ಒಗೆಯುವ ಹಾಗೆ ಒಮ್ಮೆಯಾದರೂ ಅಪ್ಪನನ್ನು ನಗಿಸದಿದ್ದರೆ ಆ ಕಂಬಕ್ಕೆ ಒರಗಿ ನಿಲ್ಲುವ ಹಕ್ಕು ನನಗಿಲ್ಲ ಎಂದು ಮನಸ್ಸಿಗೆ ಹತ್ತಿತು. ಸಿನಿಮಾದ ಹಾಸ್ಯ ನಡೆಯುವುದಿಲ್ಲ. ಆ ಸರಕು ಟೀವಿಯಲ್ಲೇ ಸಿಗುತ್ತದೆ. ಟೀವಿಯಲ್ಲಿ ಸಿಗದ ಸರಕು ಬೇಕು. ಯೋಚಿಸಿ ಯೋಚಿಸಿ ಸಾವ್ಕಾರನನ್ನು ಆರಿಸಿಕೊಂಡೆ. ಅವನು ಸೀರೆ ನೋಡುವ ರೀತಿಯನ್ನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ರೂಢಿ ಮಾಡಿದೆ: ಕನ್ನಡಕ ಹಣೆಗೇರಿಸುವುದು, ನಾಲಗೆ ಲೊಚಗುಟ್ಟುವುದು, ದಡಿಯನ್ನು ಮೂಗಿನ ಹತ್ತಿರ ಹಿಡಿಯುವುದು.

ಕರೆಂಟು ಹೋದ ಒಂದು ಮಧ್ಯಾಹ್ನ ಅವಕಾಶ ಸಿಕ್ಕಿತು. ಕರೆಂಟಿಲ್ಲದೆ ನಡೆಯುವ ವಸ್ತುಗಳು ಆ ಮನೆಯಲ್ಲಿ ಎರಡೇ ಇದ್ದವು, ಒಂದು ಮಗ್ಗ, ಇನ್ನೊಂದು ನಾನು. ಅಪ್ಪ ಸೆರಗಿನ ಕೆಂಪು ಪಟ್ಟಿಗೇ ಬಂದಿದ್ದ, ಎರಡೂ ಲಾಳಿ ಎದುರಿಗಿದ್ದವು. ನಾನು ಒಲೆಯ ಕೋಣೆಯಿಂದ ಒಂದು ರೊಟ್ಟಿ ತಂದು ಕಂಬದ ಹತ್ತಿರ ನಿಂತೆ.

"ಸಾವ್ಕಾರ್ರು ಮನ್ಯಾಗ ಊಟಕ್ಕ ಕುಂತಾರ," ಎಂದೆ. "ಸಾವ್ಕಾರ್ತಿ ರೊಟ್ಟಿ ಹಾಕಿದ್ಲು."

ಇಲ್ಲದ ಕನ್ನಡಕವನ್ನು ಹಣೆಗೇರಿಸಿದೆ. ರೊಟ್ಟಿಯನ್ನು ಬೆಳಕಿಗೆ ಹಿಡಿದೆ, ತಿರುವಿದೆ, ಅಂಚಿನ ಗುಂಟ ಬೆರಳಾಡಿಸಿದೆ, ಲೊಚಗುಟ್ಟಿದೆ.

"ಏನ ಇದು? ದಡಿ ಹರದೈತಿ. ನಡುವ ಕಪ್ಪು ಕಲಿ ಬಿದ್ದೈತಿ. ಹೋದ ವಾರದ ರೊಟ್ಟಿಗೆ ಹೋಲಿಸಿದ್ರ ಅಗಲ ಕಡಿಮಿ. ಇದನ್ನ ನಾ ತಗೊಳ್ಳೂದಿಲ್ಲ, ಹೊಳ್ಳಿ ಒಯ್ಯಿ. ಹಿಟ್ಟಿನ ದುಡ್ಡು ನಿನ್ನ ಕೂಲ್ಯಾಗ ಮುರಕೋತೀನಿ!"

ಕಾಕಾ ಮಗ್ಗದ ಮೇಲೆ ಬಿದ್ದು ಹೊರಳಾಡಿದ. ಅವ್ವ ರಾಟಿ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಬಾಯಿ ತೆರೆದು, ಹಲ್ಲು ತೋರಿಸಿ, ಸದ್ದು ಮಾಡಿ ನಕ್ಕ. ನಾನು ರೊಟ್ಟಿ ಒಗೆದು ಓಡಿ ಹೋಗಿ ಸೆರಗಿನ ಮೇಲೆ ಬಗ್ಗಿದೆ. ಕೆಂಪು, ಕೆಂಪು, ಕೆಂಪು. ಒಂದೇ ಒಂದು ಬಿಳಿ ಎಳೆ ಇಲ್ಲ. ನನಗೆ ಅಳು ಬಂತು.

"ಯಾಕವ್ವಾ? ಏನಾತು?" ಎಂದ ಅಪ್ಪ, ಇನ್ನೂ ನಗುತ್ತಲೇ.

"ತಪ್ಪು ಬಿದ್ದೇ ಇಲ್ಲ."

"ತಪ್ಪು ಬೀಳ್ಲಿಲ್ಲಂತ ಯಾರರೆ ಅಳ್ತಾರೇನು?"

"ಅಂವಾ ನಗಿಸಿದ್ರ ತಪ್ಪು ಬೀಳತೈತಿ. ನಾ ನಗಿಸಿದ್ರ ಬೀಳೂದಿಲ್ಲ. ಅಂವಾ ನನಗಿಂತ ಶಾಣ್ಯಾ."

ಅಪ್ಪನ ನಗು ನಿಂತಿತು. ಬಲಗೈಯನ್ನು ನನ್ನ ಮುಂದೆ ಚಾಚಿದ. ಅದರಲ್ಲಿ ಲಾಳಿ ಇತ್ತು.

"ಇಲ್ನೋಡು. ನೀ ಆ ರೊಟ್ಟಿ ಹಿಡಕೊಂಡು ಬಂದಾಗಿಂದ ಇದು ನನ್ನ ಕೈಯಾಗ ಐತಿ. ನೀ ನಗಿಸೂಕಿಂತ ಮೊದಲ ನಿನ್ನ ಎಡಗಣ್ಣು ಸಣ್ಣಾಗತೈತಿ. ಅದನ್ನ ನೋಡಿದ ಕೂಡ್ಲೆ ನಾ ಮಗ್ಗ ನಿಂದರಿಸಿ, ಲಾಳಿ ಹಿಡಕೊಂಡು ಕುಂಡರ್ತೀನಿ. ಆ ಬಕೀಟಿನಾಂವಾ ಯಾವಾಗ ನಗಸ್ತಾನ, ನನಗೇನು ಗೊತ್ತು? ಅಂವಾ ನನ್ನ ನೋಡ್ಯಾನೋ, ನಾ ಅವನ್ನ ಎದುರಾಎದುರು ನೋಡೀನೋ?"

ಈಗ ಯಾರಿಗಾದರೂ ಇದನ್ನು ಹೇಳಿದರೆ ಅವರ ಕಣ್ಣು ತೇವವಾಗುತ್ತದೆ. ನನಗೆ ಆಗ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಅಂದರೆ ಆ ಸಣಕಲನ ಮುಖ ಗುಟ್ಟು ಬಿಡುವುದಿಲ್ಲ, ನನ್ನದು ಬಿಡುತ್ತದೆ! ಮರುದಿನದಿಂದ ಅವನನ್ನು ಕದ್ದು ಕದ್ದು ನೋಡತೊಡಗಿದೆ. ಖರೆ, ಕಾಲು ಬಕೀಟಿನಲ್ಲಿದ್ದರೂ ಅವನ ಹುಬ್ಬು ಅಲುಗುತ್ತಿರಲಿಲ್ಲ. ನಾನು ಕನ್ನಡಿ ಮುಂದೆ ಕೂತು ಎಡಗಣ್ಣನ್ನು ಪಳಗಿಸಿದೆ. ಆ ಪಳಗಿದ ಕಣ್ಣೇ ನನಗೆ ಅಂಗಡಿ ಹಾಕಿಕೊಟ್ಟಿತು. ಎಷ್ಟಕ್ಕೆ ಕೊಟ್ಟರೆ ನನಗೆ ಗಿಟ್ಟುತ್ತದೆ ಎನ್ನುವುದನ್ನು ನನ್ನ ಮುಖ ನೋಡಿ ಹೇಳಿದ ಗಿರಾಕಿ ಮುಂಡರಗಿಯಿಂದ ಶಿರಹಟ್ಟಿಯವರೆಗೆ ಒಬ್ಬಳೂ ಸಿಕ್ಕಿಲ್ಲ. ವೈರಿಯಿಂದ ಕಲಿತ ವಿದ್ಯೆ ಇದು, ಆದರೆ ಅವನಿಗೆ ಋಣಿ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಅಂಗಡಿಯಲ್ಲಿ ಈಗ ದೊಡ್ಡ ಟೀವಿ ಇದೆ, ಹೆಂಡಂದಿರು ಸೀರೆ ಆರಿಸುವಾಗ ಗಂಡಂದಿರು ಜಲ್ದಿ ಮಾಡದಿರಲಿ ಎಂದು ಹಾಕಿಸಿದ್ದು. ದಿನವಿಡೀ ನೋಡುತ್ತೇನೆ, ದಿನವಿಡೀ ತಕರಾರು ಮಾಡುತ್ತೇನೆ. ಈಗಿನ ಹಾಸ್ಯದ ಕಾರ್ಯಕ್ರಮಗಳಲ್ಲಿ ಹಾಸ್ಯ ಹೇಳುವವನಿಗಿಂತ ಮೊದಲು ತೀರ್ಪು ಕೊಡಲು ಕೂತವರು ನಗುತ್ತಾರೆ. ಅದು ಬೋಣಿಗೆಗೆ ಮುಂಚೆಯೇ ಡಿಸ್ಕೌಂಟು ಹಾಕಿದ ಹಾಗೆ, ಸರಕಿನ ಮೇಲೆ ನಂಬಿಕೆ ಇಲ್ಲದವರ ಕೆಲಸ. ಧಾರಾವಾಹಿಯ ಸೊಸೆ ಜರಿ ಸೀರೆ ಉಟ್ಟು ಮಲಗುತ್ತಾಳೆ, ಎದ್ದಾಗ ಒಂದು ಸುಕ್ಕಿಲ್ಲ. ಅಂಥ ಸೀರೆ ಯಾವ ಊರಲ್ಲಿ ನೇಯುತ್ತಾರೆ ತಿಳಿಸಿದರೆ ನಾನೇ ಹೋಗಿ ತರುತ್ತೇನೆ. ಹಾಡಿನ ಸ್ಪರ್ಧೆಯಲ್ಲಿ ಮಕ್ಕಳನ್ನು ಹಾಡಿಸಿದ್ದಕ್ಕಿಂತ ಅಳಿಸಿದ್ದು ಹೆಚ್ಚು. ಹಾಡೆಂದರೆ ಮಗ್ಗದ ಬಡಿತಕ್ಕೆ ಕೂರಬೇಕು, ಕೂರದ್ದು ನನ್ನ ಕಿವಿಗೆ ಇಳಿಯುವುದಿಲ್ಲ. ಇಷ್ಟೆಲ್ಲ ಹೇಳುತ್ತೇನೆ, ಆದರೂ ಪರದೆಯ ಮೇಲೆ ಒಬ್ಬ ಹುಡುಗ ಚೆನ್ನಾಗಿ ನಗಿಸಿದ, ಅಂಗಡಿಯಲ್ಲಿ ಕೂತವರು ಹೋ ಎಂದರು ಎಂದರೆ ನನ್ನ ಕೈ ರಿಮೋಟಿಗೆ ಹೋಗುತ್ತದೆ. ವಾರ್ತೆ ಹಾಕುತ್ತೇನೆ.

ಅಪ್ಪ ಈಗ ನನ್ನ ಸಂಗಡವೇ ಇದ್ದಾನೆ. ಮಗ್ಗ ಬಿಟ್ಟು ಬಹಳ ವರ್ಷವಾಯಿತು. ಕೈಯಲ್ಲಿ ಫೋನು, ಕಿವಿಯಲ್ಲಿ ವಯರು, ಅದರೊಳಗೆ ಯಾರು ಯಾರೋ ಹುಡುಗರು ಅವನನ್ನು ನಗಿಸುತ್ತಿರುತ್ತಾರೆ. ಹಿಂದಿನ ಟೀವಿಯಾದರೂ ವಾಸಿ, ಏತಕ್ಕೆ ನಕ್ಕ ಎನ್ನುವುದು ನನಗೂ ಗೊತ್ತಾಗುತ್ತಿತ್ತು. ಈಗ ನಗು ಮಾತ್ರ ನನ್ನ ಮನೆಯದು, ಕಾರಣ ಬೇರೆಯವರದು. ಮೊನ್ನೆ ಯಾವನೋ ಎಷ್ಟು ನಗಿಸಿದ್ದನೆಂದರೆ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಪೂರಾ ಧೋತರದ ಮೇಲೆ ಚೆಲ್ಲಿತು. ತಿಕ್ಕಿ ತಿಕ್ಕಿ ಒಗೆದೆ, ಕಲೆ ಹೋಗಲಿಲ್ಲ. ಬಿಳಿ ಧೋತರದ ಮೇಲೆ ಕೆಂಪು ಗೆರೆ. ಈ ವಯಸ್ಸಿನಲ್ಲೂ ಆ ಗೆರೆ ನನ್ನದಲ್ಲವಲ್ಲ ಎಂದು ನನಗೆ ಉರಿಯಿತು.

ಅದಾದ ಎರಡು ದಿನಕ್ಕೆ ಅಂಗಡಿಯಲ್ಲಿ ಒಂದು ಮಜಾ ನಡೆಯಿತು. ಲಕ್ಷ್ಮೇಶ್ವರದ ಒಬ್ಬಾಕೆ ಚೌಕಾಸಿ ಮಾಡಿ ಮಾಡಿ ಸುಸ್ತಾಗಿ, ಅಭ್ಯಾಸಬಲದಿಂದ ಗಂಡನ ಅಂಗಿಯ ತೋಳನ್ನೂ ತಿಕ್ಕಿ ನೋಡಿ, "ಇದು ಬಣ್ಣ ಬಿಡತೈತಿ, ಬ್ಯಾರೇದು ತೋರಸ್ರಿ" ಎಂದಳು. ಸಂಜೆ ಅದನ್ನು ಅಪ್ಪನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಅಪ್ಪ ಗೋಡೆಗೊರಗಿ ಚಹಾ ಕುಡಿಯುತ್ತ ಫೋನು ನೋಡುತ್ತಿದ್ದ. ನಾನು ಚಪ್ಪಲಿ ಬಿಟ್ಟೆ, ಚೀಲ ಇಟ್ಟೆ, ಎದುರಿಗೆ ಕೂತೆ. ನನ್ನ ಮುಖ ಕಲ್ಲಿನ ಹಾಗಿತ್ತು. ಎಡಗಣ್ಣು ಕದಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಅಪ್ಪ ಕಿವಿಯ ವಯರು ಕಿತ್ತ. ಫೋನು ಬೋರಲು ಹಾಕಿದ. ಚಹಾದ ಕಪ್-ಬಸಿ ಎರಡನ್ನೂ ನೆಲಕ್ಕಿಟ್ಟು, ಧೋತರದಿಂದ ದೂರ ಸರಿಸಿದ.

"ಹೂಂ, ಹೇಳವ್ವಾ," ಎಂದ.

ಹೇಳಿದೆ. ನಕ್ಕ. ಒಂದು ಹನಿ ಚೆಲ್ಲಲಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು ಹೇಳದೆ ಕಳಿಸುವ ಅಭ್ಯಾಸ ನನಗಿಲ್ಲ. ಟೀವಿ ಕೊಳ್ಳುವಾಗ ಟೇಬಲ್ಲು, ಗೋಡೆಗೆ ಕೂರಿಸುವ ಖರ್ಚು ಎರಡನ್ನೂ ಅಂಗಡಿಯವನ ತಲೆಗೇ ಹಾಕಿ, ಬಾಗಿಲವರೆಗೆ ನಡೆದು ಹೋಗಿ ನಿಂತರೆ ಒಪ್ಪುತ್ತಾನೆ. ಕೆಲಸ ಮಾಡುವ ವಸ್ತುವನ್ನು ಕೊಟ್ಟು ನೋಡುವ ವಸ್ತುವನ್ನು ತರಬೇಡಿ. ಊಟ ಮಾಡುವ ಜಾಗಕ್ಕೆ ಎದುರಾಗಿ ಇಡಬೇಡಿ, ಚಟ್ನಿ ಯಾರಿಗೆ ಮುಟ್ಟಿಲ್ಲ ಎನ್ನುವುದು ಕಾಣುವುದಿಲ್ಲ. ಮನೆಯವರು ಫೋನು ನೋಡಿ ನಗುತ್ತಿದ್ದರೆ ಹೊಟ್ಟೆ ಉರಿದುಕೊಳ್ಳಿ, ಅದರಲ್ಲಿ ತಪ್ಪಿಲ್ಲ, ಆದರೆ ಯಾರ ಮಾತಿಗೆ ಅವರು ಚಹಾ ಚೆಲ್ಲಿಕೊಂಡರು ಎಂದು ಲೆಕ್ಕ ಇಡಬೇಡಿ. ನೀವು ಎದುರಿಗೆ ಬಂದು ಕೂತಾಗ ಅವರು ಕಪ್ಪನ್ನು ಕೆಳಗಿಡುತ್ತಾರೋ ಇಲ್ಲವೋ, ಅದನ್ನೊಂದು ನೋಡಿ. ಕೆಳಗಿಟ್ಟರೆ ಚೌಕಾಸಿ ಬೇಡ, ತಡಮಾಡದೆ ಹೇಳಲು ಶುರು ಮಾಡಿ. ಚಹಾ ಆರುತ್ತದೆ.